ತೊಟ್ಟಿಮನೆಗೆ ಎಳೆದ ಎರಡು ಗೋಡೆ

2016ರಲ್ಲಿ ನಾನು ರಾಮನಗರದಲ್ಲಿ ಸಿವಿಲ್ ಇಂಜಿನಿಯರ್ ಆಗಿ ಸ್ವಂತ ಕಚೇರಿ ನಡೆಸುತ್ತಿದ್ದೆ. ಹೊಸ ಮನೆಗೆ ಪ್ಲಾನ್ ಬರೆಯುವವರು ಬೀದಿಗೆ ನಾಲ್ಕು ಜನ ಇದ್ದರು. ಹಳೆಯ ಮನೆ ಭಾಗ ಮಾಡಿಸಲು ಮಾತ್ರ ಎಲ್ಲರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಭಾಗ ಮಾಡಿದ ಒಂದು ಮನೆಯೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಎಂದು ಎದುರಿಗೆ ಕೂತವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಬಂದದ್ದು ಪೇಟೆಯೊಳಗಿನ ಒಂದು ತೊಟ್ಟಿಮನೆ. ಇಪ್ಪತ್ತನಾಲ್ಕು ಅಡಿ ಅಗಲ, ತೊಂಬತ್ತು ಅಡಿ ಉದ್ದ, ಮಣ್ಣಿನ ಗೋಡೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅಜ್ಜನ ಕಾಲದಲ್ಲಿ ಬೀದಿ ಕಡೆ ರೇಷ್ಮೆಗೂಡಿನ ವ್ಯಾಪಾರ, ಹಿಂದೆ ನೂಲು ತೆಗೆಯುವ ಒಲೆಗಳು. ಒಲೆ ಆರಿದ ಮೇಲೆ ಅಲ್ಲಿ ಬಾಡಿಗೆ ಕೋಣೆಗಳಾದವು. ಮುಂದಿನ ಕೋಣೆಗೆ ಮೊಬೈಲ್ ರಿಪೇರಿ ಅಂಗಡಿ ಬಂತು. ಹಕ್ಕುದಾರರು ಮೂವರು: ಹಿರಿಯ ಶಿವಣ್ಣ, ಕಿರಿಯ ಮಹದೇವ, ನಡುವಿನವರು ಜಯಮ್ಮ. ಜಯಮ್ಮ ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಉಳಿದವರು, ಐವತ್ತೈದರ ಆಸುಪಾಸು.

ಬೀದಿ ಕಡೆಯದು ಶಿವಣ್ಣನಿಗೆ, ಹಿಂದಿನ ಗಲ್ಲಿ ಕಡೆಯದು ಮಹದೇವನಿಗೆ, ತೊಟ್ಟಿಯ ಭಾಗ ಜಯಮ್ಮನಿಗೆ. ಅವರು ಬೀದಿಗೆ ಬರಲು ಪಕ್ಕದಲ್ಲಿ ಮೂರಡಿಯ ಓಣಿ ಬಿಟ್ಟೆ. ಅದನ್ನೂ ಲೆಕ್ಕಕ್ಕೆ ಹಿಡಿದು ಮೂರು ಸಮಪಾಲು, ಒಂದು ಚದರಡಿ ಹೆಚ್ಚುಕಡಿಮೆ ಇಲ್ಲ. ಪಾಲುಗಳ ನಡುವಿನ ಹಳೆಯ ಬಾಗಿಲುಗಳನ್ನು ಇಟ್ಟಿಗೆ ಕಟ್ಟಿ ಮುಚ್ಚಿಸುವುದು ನನ್ನ ಪದ್ಧತಿ.

ಜಯಮ್ಮ ಕೇಳಿದ್ದು ಒಂದೇ.

"ಸಾ, ಅಣ್ಣನ ಅಡುಗೆಮನೆ ಕಡೀಕೆ ಒಂದು ಬಾಗ್ಲು ಬುಡಿ. ಮಾತಾಡಾಕಾದ್ರೂ ಯಾರಾದ್ರೂ ಬೇಕಲ್ವಾ?"

"ಇವತ್ತು ಬಾಗಿಲು, ನಾಳೆ ಜಗಳ, ನಾಡಿದ್ದು ಕೋರ್ಟು. ಬೇಡಮ್ಮ" ಎಂದೆ. ಅಣ್ಣತಮ್ಮಂದಿರು ಹೂಂಗುಟ್ಟಿದರು.

ಮೂರು ವರ್ಷದ ನಂತರ ಶಿವಣ್ಣನ ಫೋನ್ ಬಂತು. ಜಯಮ್ಮ ತೊಟ್ಟಿಯ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಕೂಗಿದ್ದು ಗೋಡೆಯಾಚೆ ಅತ್ತಿಗೆಗೆ ಕೇಳಿಸಿದೆ. ಆಕೆ ಬೀದಿ ಸುತ್ತಿ ಓಣಿಗೆ ಓಡಿದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಕೊನೆಗೆ ಶಿವಣ್ಣ ಹಾರೆ ತಂದು, ನಾನು ಮುಚ್ಚಿಸಿದ್ದ ಬಾಗಿಲಿನ ಇಟ್ಟಿಗೆ ಒಡೆದು ಒಳಗೆ ಹೋಗಿದ್ದ. ಗೋಡೆ ಗಟ್ಟಿಯಿದೆಯೇ ನೋಡಿ ಎಂದು ನನ್ನನ್ನು ಕರೆದದ್ದು.

ಆ ಕಂಡಿಯ ಮುಂದೆ ನಿಂತಾಗ ನನ್ನ ಬುದ್ಧಿವಂತಿಕೆಗಿಷ್ಟು ಬೆಂಕಿ ಬೀಳ ಅನ್ನಿಸಿತು. ಆಕೆ ಕೇಳಿದ್ದನ್ನು ಅಂದೇ ಕೊಟ್ಟಿದ್ದರೆ! ಹಟ ಹಿಡಿದು ಅಲ್ಲಿ ಚೌಕಟ್ಟು, ಬಾಗಿಲು ಕೂರಿಸಿದೆ. ಅದನ್ನು ಮುಚ್ಚುವುದಿಲ್ಲವೆಂದು ಅಣ್ಣ ತಂಗಿ ಇಬ್ಬರಿಂದಲೂ ಬರೆಸಿಕೊಂಡೆ. ಮಾಡಿದ ತಪ್ಪು ತಿದ್ದಿದೆನೆಂದು ಹಗುರವಾಗಿ ಮನೆಗೆ ಬಂದೆ.

ಆರು ತಿಂಗಳಾದ ಮೇಲೆ ಜಯಮ್ಮನೇ ಕರೆಸಿದರು. ಕೋಲು ಹಿಡಿದು ಓಡಾಡುತ್ತಿದ್ದರು. ಬಾಗಿಲು ಹಾರುಹೊಡೆದಿತ್ತು. ಆಚೆ ಟಿವಿ ಸದ್ದು, ಯಾರೋ ನಗುತ್ತಿದ್ದರು.

"ಇದ್ನ ಮುಚ್ಚಿಬುಡಿ ಸಾ."

"ಯಾಕಮ್ಮ, ಯಾರಾದರೂ ಏನಾದರೂ ಅಂದರಾ?"

"ಅಂದ್ರೆ ಒಳ್ಳೇದಾಗಿತ್ತು. ಯಾರೂ ಏನೂ ಅನ್ನಕಿಲ್ಲ, ಯಾರೂ ಬರಕಿಲ್ಲ. ಮೊದ್ಲದಿನ ಅತ್ಗೆ ಒಂದ್ಲೋಟ ಕಾಫಿ ತಂದ್ಲು, ಅಷ್ಟೇಯ." ಕೋಲಿನಿಂದ ಹೊಸ್ತಿಲು ತಟ್ಟಿದರು. "ಗೋಡೆ ಇದ್ದಾಗ, ಪಾಪ, ಗೋಡೆ ಐತೆ, ಹೆಂಗೆ ಬಂದಾರು ಅಂದ್ಕಂಡು ಇದ್ಬುಡ್ತಿದ್ದೆ. ಈಗ ಏನಂತ ಅಂದ್ಕಳನ, ನೀವೇ ಯೋಳಿ?"

ನಾಲ್ಕು ದಿನ ತಡೆದು ನೋಡಿ ಎಂದೆ. ಆಕೆ ಕೇಳಲಿಲ್ಲ. ಮತ್ತೆ ಬಿದ್ದರೆ ಏನು ಗತಿಯೆಂದು ಓಣಿಯ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿದೆ. ಒಂದು ಕೀಲಿ ಶಿವಣ್ಣನ ಕೈಗೆ ಕೊಟ್ಟೆ. ಆಮೇಲೆ ಗಾರೆಯವನನ್ನು ಕರೆಸಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಇಟ್ಟಿಗೆ ಕಟ್ಟಿದ. ಅಷ್ಟು ಹೊತ್ತೂ ಆ ಕಡೆಯವರು ಅತ್ತಿತ್ತ ಓಡಾಡುತ್ತಿದ್ದರು. ಯಾಕೆ ಮುಚ್ಚುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.

ಈಗಲೂ ಮನೆ ಭಾಗ ಮಾಡಿಕೊಡುತ್ತೇನೆ. ಬಾಗಿಲು ಬೇಕೆಂದು ಯಾರಾದರೂ ಕೇಳಿದರೆ ಬಿಡುತ್ತೇನೆ, ಕೋರ್ಟಿನ ಮಾತು ಎತ್ತುವುದಿಲ್ಲ. ಆದರೆ ಬಾಗಿಲಿದ್ದರೆ ಜನ ಬಂದೇ ಬರುತ್ತಾರೆ ಎಂದು ಮಾತ್ರ ಯಾರಿಗೂ ಭರವಸೆ ಕೊಡುವುದಿಲ್ಲ.