ಐವತ್ತೆರಡು ಇಂಚಿನ ಕ್ಯೂ

ನಿನ್ನೆ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಎದೆಗೆ ಟೇಪು ಸುತ್ತಿದ್ದೇ ತಡ, ಆತ ಒಂದೇ ಸಮನೆ ಸೀನತೊಡಗಿದ. ಮೂಸಿ ನೋಡಿದರೆ ಟೇಪಿಗೆ ಮೆಣಸಿನಕಾಯಿ ಘಾಟು. ಐವತ್ತೆರಡನೆಯ ಇಂಚಿನ ಹತ್ತಿರ ನೀಲಿ ಸೀಮೆಸುಣ್ಣದ ಕಲೆ ಬೇರೆ.

"ಏನ್ರಿ ಸಾವ್ಕಾರ್ರ, ಅರಿವಿ ಅಂಗಡಿ ಬಿಟ್ಟು ಖಾರಪುಡಿ ಅಂಗಡಿ ಇಟ್ಟೀರೇನು?" ಎಂದ ಆತ, ಮೂಗು ಒರೆಸಿಕೊಳ್ಳುತ್ತ.

ನಾನೂ ನಕ್ಕೆ. ಆದರೆ ಆ ಕಲೆ ಕಂಡ ಕೂಡಲೇ, ಮೊನ್ನೆ ಮೊನ್ನೆ ನನಗೆ ಬಡಿದ ಆಘಾತ ಮತ್ತೆ ಎದೆಗೆ ಬಂತು. ಅದನ್ನು ನಿಮ್ಮೆದುರು ಹೇಳಿಕೊಂಡರೆ ಸ್ವಲ್ಪ ಹಗುರಾದೇನು.

ಹಾವೇರಿಯಲ್ಲಿ ನನ್ನದು ಬಟ್ಟೆ ಅಂಗಡಿ. ಮೆಟ್ಟಿಲು ಹತ್ತುವವರ ಹೆಗಲು ನೋಡಿಯೇ ಅಂಗಿಯ ಸೈಜು ಹೇಳುವವನೆಂದು ನನಗೆ ನನ್ನ ಮೇಲೇ ಒಂದಿಷ್ಟು ಜಂಭ. ನನ್ನ ಹೊಟ್ಟೆಗೆ ಮಾತ್ರ ನನ್ನದೇ ಅಂಗಡಿಯ ಯಾವ ಅಂಗಿಯೂ ಆಗುವುದಿಲ್ಲ, ಆ ಮಾತು ಬಿಡಿ. ಪ್ರತಿಯೊಂದು ವಸ್ತುವಿಗೂ ಒಂದು ಸರಿಯಾದ ಅಳತೆ ಇರುತ್ತದೆ, ಅದಕ್ಕಿಂತ ಹೆಚ್ಚುಕಡಿಮೆ ಇದ್ದರೆ ಅದು ದೋಷ ಎಂದೇ ನಂಬಿಕೊಂಡು ಬಂದವನು ನಾನು.

ಅಂಗಡಿಯ ಅಟ್ಟದ ಮೇಲೆ ಬ್ಯಾಡಗಿಯ ನನ್ನ ಸೋದರಮಾವನ ಪೂಲ್ ಕ್ಯೂ ಇತ್ತು. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಚೆಂಡುಗಳನ್ನು ತಿವಿದು ಕಿಸೆಗೆ ಕೆಡವುತ್ತಾರಲ್ಲ, ಆ ಕೋಲು. ಬ್ಯಾಡಗಿಯ ಮನೆಯನ್ನು ರಿಪೇರಿಗೆ ಬಿಚ್ಚಿದಾಗ ಇಟ್ಟುಹೋದದ್ದು, ಹಾಗೇ ಉಳಿದುಬಿಟ್ಟಿತ್ತು. ಮಾವ ತೀರಿಹೋಗಿ ಬಹಳ ಕಾಲವಾಯಿತು. ಅವನ ಮಗ ವೀರಣ್ಣ ಈಗ ರಾಣೆಬೆನ್ನೂರಿನಲ್ಲಿ ಪೂಲ್ ಆಡುವ ಹಾಲ್ ತೆರೆದಿದ್ದಾನೆ. ಗೋಡೆಗೆ ಗಾಜಿನ ಪೆಟ್ಟಿಗೆ ಮಾಡಿಸಿ, ಅದರ ಕೆಳಗೆ ಅಪ್ಪನ ಹೆಸರು ಬರೆಸಿ, ಒಳಗೆ ಈ ಕ್ಯೂ ಇಡಬೇಕೆಂಬುದು ಅವನ ಆಸೆ.

"ಪೆಟಿಗಿ ಮಾಡಿಸೇನಿ, ಒಮ್ಮೆ ಅಳತಿ ನೋಡಿ ಹೇಳು" ಎಂದು ಫೋನು ಮಾಡಿದ್ದ.

ಕ್ಯೂ ಇಟ್ಟಿದ್ದ ಚೀಲದ ಬಾಯಿ ಬಿಚ್ಚಿದೆ. ಒಳಗಿನಿಂದ ಮೆಣಸಿನಕಾಯಿ ಘಾಟು, ಕೋಲಿನ ತುದಿಗೆ ತಿಕ್ಕುವ ನೀಲಿ ಸೀಮೆಸುಣ್ಣದ ವಾಸನೆ ಒಟ್ಟಿಗೇ ಮುಖಕ್ಕೆ ಹೊಡೆದವು. ಮಾವ ಮೆಣಸಿನಕಾಯಿ ದಲಾಲಿ; ಅವನ ಮನೆಯ ದೇವರ ಪಟ ಒರೆಸಿದರೂ ಸೀನು ಬರುತ್ತಿತ್ತು. ಎರಡು ತುಂಡುಗಳನ್ನು ತಿರುಪಿನಿಂದ ಕೂಡಿಸಿ ಟೇಪು ಹಿಡಿದೆ. ಐವತ್ತೆರಡು. ಮತ್ತೆ ಹಿಡಿದೆ. ಐವತ್ತೆರಡೇ. ಫೋನಿನಲ್ಲಿ ಹೇಳಿದರೆ ವೀರಣ್ಣ ಸಿಡಿದೆದ್ದ.

"ಸಾಧ್ಯನಾ ಇಲ್ಲ. ಆ ಕಾಲದಾಗ ಹೇಳಿ ಮಾಡಿಸಿದ ಕ್ಯೂ ಅಂದ್ರ ಐವತ್ತೇಳು ಇಂಚು ಇರತಾವು, ಆಮ್ಯಾಲಿನವು ಐವತ್ತೆಂಟು. ನಟ್ಟನಡುವ ತಿರುಪು, ಎರಡೂ ತುಂಡು ಸರಿಸಮ. ಯಾರೋ ಕಡದಾರ! ನಿನ್ನ ಅಂಗಡ್ಯಾಗ ಇತ್ತಲ್ಲೋ ಮಾರಾಯ, ಏನ ಮಾಡೀರಿ ಅದನ್ನ?"

ಮುಂಬಯಿಯಲ್ಲಿ ಹೇಳಿ ಮಾಡಿಸಿದ್ದು, ಹಿಡಿಕೆಗೆ ಬೆಳ್ಳಿಯ ಉಂಗುರವಿದ್ದದ್ದು, ಮಾವ ಯಾರಿಗೂ ಮುಟ್ಟಗೊಡದಿದ್ದದ್ದು. ಅಂಥದ್ದಕ್ಕೆ ಗರಗಸ ಹಾಕಿದವರು ಯಾರು? ಅಟ್ಟಕ್ಕೆ ಹಲಗೆ ಹೊಡೆಯಲು ಬಂದಿದ್ದ ಬಡಿಗನೇ? ಅಥವಾ ವೀರಣ್ಣನೇ ಹುಡುಗಾಟದ ವಯಸ್ಸಿನಲ್ಲಿ ಕಡಿದು ಈಗ ನನ್ನ ಮೇಲೆ ಹಾಕುತ್ತಿದ್ದಾನೆಯೇ? ಸಂಜೆ ಅವನೇ ಸಮಾಧಾನದ ದಾರಿ ಹುಡುಕಿದ. ರಾಣೆಬೆನ್ನೂರಿನಲ್ಲಿ ಮರ ಕಡೆಯುವವನೊಬ್ಬನಿದ್ದಾನೆ, ಕಡಿಮೆ ಬಿದ್ದದ್ದನ್ನು ಜೋಡಿಸಿ ಸರಿಯಳತೆಗೆ ತರುತ್ತಾನೆ; ತಗೊಂಡು ಬಾ, ಬರುವಾಗ ಬ್ಯಾಡಗಿಯಿಂದ ಅವ್ವನನ್ನೂ ಕರೆದುಕೊಂಡು ಬಾ ಎಂದ.

ಮಾವನ ಆಟ ಹೇಗಿತ್ತು ಅನ್ನುತ್ತೀರಾ? ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದ ಎತ್ತರದ ಆಳು. ಮೇಲಿನ ಖೋಲಿಯ ಮೇಜಿನ ಸುತ್ತ ಸಂಜೆ ಪೇಟೆಯ ನಾಲ್ಕು ಮಂದಿ ಸೇರುತ್ತಿದ್ದರು. ಕೆಳಗಿನಿಂದ ಅತ್ತೆ ಚಹಾ ಕಳಿಸುತ್ತಿದ್ದಳು. ವಿಚಿತ್ರವೆಂದರೆ ಮಾವ ಆಡುತ್ತಿದ್ದದ್ದು ಗೋಡೆಗೆ ಒರಗಿಸಿಟ್ಟ ಸಾದಾ ಕೋಲುಗಳಿಂದಲೇ. ಮುಂಬಯಿಯದನ್ನು ಯಾರಾದರೂ ಕೇಳಿದರೆ, "ಅದು ಇಂಥಾ ಆಟಕ್ಕ ಅಲ್ಲ" ಎನ್ನುತ್ತಿದ್ದ. ನಮಗೆಲ್ಲ ಅದು ಭಕ್ತಿಯಾಗಿ ಕಾಣುತ್ತಿತ್ತು. ಮಧ್ಯಾಹ್ನ ಮಾತ್ರ ಮುಚ್ಚಿದ ಬಾಗಿಲ ಹಿಂದಿನಿಂದ ಟಕ್, ಟಕ್ ಎಂಬ ಸಪ್ಪಳ ಕೇಳುತ್ತಿತ್ತು. ರಜೆಗೆ ಹೋದ ನಾವು ಹುಡುಗರು ಹತ್ತಹೋದರೆ, ಮೆಟ್ಟಿಲ ಬುಡದಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತ ಅಜ್ಜಿ ಗದರುತ್ತಿದ್ದಳು: "ಮ್ಯಾಲ ಹೋಗಬ್ಯಾಡ್ರಿ, ನಿಮ್ಮ ಮಾವ ಪ್ರಾಕ್ಟೀಸ್ ಮಾಡಾಕತ್ತಾನ!" ಅಜ್ಜಿ ಎಂಥ ಕಟ್ಟುನಿಟ್ಟಿನವಳೆಂದರೆ, ಸೊಸೆಯ ಸೆರಗು ತಲೆಯಿಂದ ಜಾರಿದರೆ ಆ ದಿನವೆಲ್ಲ ಮನೆಯಲ್ಲಿ ಗುಡುಗು. ಅವಳ ಮಾತನ್ನು ಮೀರುವ ಧೈರ್ಯ ನಮಗೆಲ್ಲಿ ಬರಬೇಕು?

ಬ್ಯಾಡಗಿಗೆ ಹೋದಾಗ ಶಾಂತಕ್ಕ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ಕ್ಯೂ ಗಿಡ್ಡವಾದ ಸುದ್ದಿಯನ್ನು ಸಂತಾಪದ ದನಿಯಲ್ಲಿ ಹೇಳಿದೆ. ಮರ ಜೋಡಿಸುವ ಮಾತು ಬಂದ ಕೂಡಲೇ ಅವಳು ದಡಕ್ಕನೆ ಎದ್ದಳು.

"ಜೋಡಸ್ತೀರಿ? ಅದಕ್ಕ? ಕೊಡು ಇಲ್ಲೆ."

ಚೀಲ ಕಸಿದುಕೊಂಡಳು. ಎರಡೂ ತುಂಡುಗಳನ್ನು ಹೊರಗೆಳೆದಳು. ಸರಸರನೆ ಕೂಡಿಸಿ, ಬುಡವನ್ನು ತನ್ನ ಕಾಲ ಪಕ್ಕದಲ್ಲಿ ಊರಿ ನೆಟ್ಟಗೆ ನಿಂತಳು. ತುದಿ ಅವಳ ಮೂಗಿಗೆ ಬಂತು.

"ಮೊದಲ ಗದ್ದಕ್ಕ ಬರತಿತ್ತು. ಅದೇನ ಬೆಳದಿಲ್ಲ, ನಾನಾ ಸಣ್ಣಾಗೇನಿ. ಇದನ್ನ ಯಾರೂ ಕಡದಿಲ್ಲೋ ತಮ್ಮಾ. ನನ್ನ ಎತ್ತರಕ್ಕ ಮಾಡಿಸಿದ್ದು. ಇದು ನಂದು."

ನಂಬಲಾಗದೆ ಕಿಸೆಯಿಂದ ಟೇಪು ತೆಗೆದೆ. ತುಂಡುಗಳನ್ನು ಬಿಚ್ಚಿ ಬೇರೆಬೇರೆ ಅಳೆದರೆ ಇಪ್ಪತ್ತಾರು, ಇಪ್ಪತ್ತಾರು. ಕಡಿದಿದ್ದರೆ ಒಂದಾದರೂ ಗಿಡ್ಡವಾಗಬೇಕಿತ್ತಲ್ಲ! ಜೀವಮಾನವೆಲ್ಲ ಅಳತೆಯ ಅನ್ನ ಉಂಡವನು ಒಟ್ಟು ಉದ್ದ ನೋಡಿ ಹೌಹಾರಿ, ತುಂಡುಗಳನ್ನು ಅಳೆಯುವುದನ್ನೇ ಮರೆತಿದ್ದೆ.

ಆಗ ಕಣ್ಣ ಮುಂದೆ ಬಂದದ್ದು ಖಂಡೆ ಪೂಜೆ, ಆಯುಧಪೂಜೆ ಅನ್ನುತ್ತೀರಲ್ಲ, ಅದು. ಮಹಾನವಮಿಗೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಯಾರ ಕೆಲಸದ ಹತಾರವೋ ಅವರೇ ತಂದು ಜಗಲಿಯ ಮೇಲಿಡಬೇಕು, ಇನ್ನೊಬ್ಬರ ಹತಾರಕ್ಕೆ ಕೈ ಹಚ್ಚುವ ಹಾಗಿಲ್ಲ. ಮಾವ ತಕ್ಕಡಿ ಇಡುತ್ತಿದ್ದ. ಅಜ್ಜಿ ಈಳಿಗೆ ಇಡುತ್ತಿದ್ದಳು. ಈ ಕ್ಯೂ ತಂದಿಟ್ಟು ವಿಭೂತಿ ಹಚ್ಚುತ್ತಿದ್ದವಳು ಅತ್ತೆ. ಎಲ್ಲರ ಎದುರಿಗೇ, ವರ್ಷ ವರ್ಷವೂ. ಗಂಡನ ಪರವಾಗಿ ಇಡುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಕಟ್ಟಳೆ ಗೊತ್ತಿದ್ದೂ ಹಾಗೆ ತಿಳಿದಿದ್ದೆವು!

"ಮತ್ತ ಮಧ್ಯಾಹ್ನ ಮ್ಯಾಲ ಆಡತಿದ್ದದ್ದು?" ಎಂದು ತೊದಲಿದೆ.

"ನಿಮ್ಮ ಮಾವ ಆ ಹೊತ್ತಿನ್ಯಾಗ ಪ್ಯಾಟ್ಯಾಗ ಇರತಿದ್ದ, ಮನ್ಯಾಗ ಎಲ್ಲಿ ಇರತಾನ? ಅವನಾ ಕಲಿಸಿದ. ನಾ ಸೋಲಿಸಾಕ ಶುರು ಮಾಡಿದ ಮ್ಯಾಲ ನನ್ನ ಕೂಡ ಆಡೋದಾ ಬಿಟ್ಟ. ಆದ್ರ ಮುಂಬೈಗೆ ಹೋದಾಂವ ಇದನ್ನ ಮಾಡಿಸ್ಕೊಂಡು ಬಂದ ನೋಡು."

"ಅಜ್ಜಿಗೆ ಗೊತ್ತಿರಲಿಲ್ಲೇನು?"

ಅತ್ತೆ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. "ಮೆಟ್ಟಲದಾಗ ಕಾವಲ ಕುಂದರತಿದ್ದಾಕಿ ಯಾರು ಮತ್ತ?"

ಖರೇ ಹೇಳುತ್ತೇನೆ, ನನಗೆ ಬಡಿದ ಆಘಾತ ಇದೇ. ಕ್ಯೂ ಅತ್ತೆಯದೆಂಬುದನ್ನು ಹೇಗೋ ಅರಗಿಸಿಕೊಳ್ಳಬಹುದಿತ್ತು. ಆದರೆ ಸೆರಗಿಗೆ ಗುಡುಗುತ್ತಿದ್ದ ನನ್ನ ಅಜ್ಜಿ, ಸೊಸೆಯ ಆಟಕ್ಕೆ ಕಾವಲು ಕೂತು ಮೊಮ್ಮಕ್ಕಳ ಮುಂದೆ ಹಸಿ ಹಸಿ ಸುಳ್ಳು ಹೇಳುತ್ತಿದ್ದಳೆಂದರೆ! ಇಬ್ಬರೂ ನನ್ನ ಕಣ್ಣೆದುರಿಗೇ ಇದ್ದರು, ಇಬ್ಬರನ್ನೂ ನಾನು ನೋಡಿಯೇ ಇರಲಿಲ್ಲ.

"ಉದ್ದ ಮಾಡಿದ್ರ ನನ್ನ ಕೈಗೆ ಒಗ್ಗೂದಿಲ್ಲ" ಎಂದಳು ಅತ್ತೆ, ದನಿ ತಗ್ಗಿಸಿ. "ಗಾಜಿನಾಗ ಇಟ್ಟು ಕೀಲಿ ಹಾಕಿದ್ರಂತೂ ಮುಗದಾ ಹೋತು. ವೀರಣ್ಣ ಹಾಲ್ ತಗದಾನ ಅಂದಾಗಿಂದ ಒಮ್ಮೆ ಆಡಬೇಕು ಅನಸಾಕತ್ತೈತಿ. ಕೇಳಾಕ ನಾಚಿಕಿ."

ಅವಳನ್ನು ಕರೆದುಕೊಂಡು ಹೊರಟೆ. ರಾಣೆಬೆನ್ನೂರಿನ ಹಾಲಿನಲ್ಲಿ ಮರ ಕಡೆಯುವವನು ಆಗಲೇ ಬಂದು ಕೂತಿದ್ದ. ವೀರಣ್ಣ ಕ್ಯೂಗೆ ಕೈ ಚಾಚಿದ. ಅತ್ತೆ ಕೊಡಲಿಲ್ಲ. ನನಗೆ ಹೇಳಿದ್ದನ್ನೇ ಮಗನಿಗೂ ಎರಡು ಮಾತಿನಲ್ಲಿ ಹೇಳಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ತುದಿಗೆ ನೀಲಿ ಸೀಮೆಸುಣ್ಣ ತಿಕ್ಕಿದಳು, ಮೇಜಿನ ಮೇಲೆ ಬಾಗಿದಳು. ಆಡುತ್ತಿದ್ದ ಪೋರರೆಲ್ಲ ಕೋಲು ಬದಿಗಿಟ್ಟು ಸುತ್ತ ನೆರೆದರು. ಮೊದಲ ಏಟು ಜಾರಿತು, ಯಾರೋ ಕಿಸಕ್ಕೆಂದರು. ಎರಡನೆಯದಕ್ಕೆ ಚೆಂಡು ಅಂಚಿಗೆ ತಾಗಿ, ತಿರುಗಿ ಬಂದು, ದೂರದ ಕಿಸೆಯಲ್ಲಿ ಬಿತ್ತು. ಟಕ್. ಮೆಟ್ಟಿಲ ಬುಡದಲ್ಲಿ ನಿಂತು ನಾನು ಕೇಳುತ್ತಿದ್ದ ಅದೇ ಸಪ್ಪಳ. ವೀರಣ್ಣ ಮರ ಕಡೆಯುವವನನ್ನು ಹಾಗೇ ವಾಪಸು ಕಳಿಸಿದ. ನನಗೆ ಯಾಕೋ ಅಳು ಬಂತು.

ಟೇಪನ್ನು ನಾನು ಇನ್ನೂ ತೊಳೆದಿಲ್ಲ. ಗಿರಾಕಿಗಳು ಸೀನಿದರೆ ಸೀನಲಿ. ಅಂಗಿ ಹೊಂದದಿದ್ದರೆ ಈಗ "ನಿಮ್ಮ ಮೈ ಅಳತಿ ಸರಿ ಇಲ್ರಿ" ಎಂದು ಚೇಷ್ಟೆ ಮಾಡುವುದನ್ನು ಬಿಟ್ಟಿದ್ದೇನೆ. ಹೋದ ವಾರ ರಾಣೆಬೆನ್ನೂರಿಗೆ ಹೋಗಿದ್ದೆ. ಗಾಜಿನ ಪೆಟ್ಟಿಗೆ ಐವತ್ತೆಂಟು ಇಂಚಿಗೆ ಮಾಡಿಸಿದ್ದು ಹಾಗೇ ಗೋಡೆಯ ಮೇಲಿದೆ, ಕೆಳಗೆ ಮಾವನ ಹೆಸರು, ಒಳಗೆ ಏನೂ ಇಲ್ಲ. ಹೊಸಬನೊಬ್ಬ ಅದನ್ನು ನೋಡಿ, "ಇದರಾಗಿನ ಕ್ಯೂ ಎಲ್ಲಿ ಹೋತ್ರಿ?" ಎಂದು ಕೇಳಿದ.

ವೀರಣ್ಣ ಮೂಲೆಯ ಮೇಜಿನ ಕಡೆ ಕೈ ಮಾಡಿದ. "ಸ್ವಲ್ಪ ತಡೀರಿ. ಅವ್ವನ ಆಟ ಇನ್ನೂ ಮುಗದಿಲ್ಲ."