ಮೊಸರು ಡಬ್ಬಿಯ ಗುಂಡುಗಳು

ಈ ಪರದೇಶದಲ್ಲಿ ನಮ್ಮವರ ಮನೆಗಳಲ್ಲಿ ಮೊಸರು ಡಬ್ಬಿ ತೆರೆದರೆ ಮೊಸರು ಸಿಗುವುದಿಲ್ಲ. ಸೀಡರ್ ಪಾರ್ಕಿನ ನಮ್ಮ ಮನೆಯಲ್ಲಾದರೆ ಚಟ್ನಿಪುಡಿ ಸಿಗುತ್ತದೆ. ಹತ್ತಿರದ ಊರು ಫ್ಲೂಗರ್‌ವಿಲ್‌ನ ಅಂಕಲ್ ಗ್ಯಾರೇಜಿನಲ್ಲಿ ಸಿಗುವುದು ರೈಫಲ್ ಗುಂಡು. ಅಂಕಲ್ ಹುಬ್ಬಳ್ಳಿ ಕಡೆಯವರು, ನಿವೃತ್ತರು, ಬೆಳ್ಳುಳ್ಳಿಯನ್ನೂ ಮುಟ್ಟದವರು. ಕಾಗದದ ಗುರಿಯ ಹೊರತು ಬೇರೇನನ್ನೂ ಹೊಡೆದವರಲ್ಲ.

ಅವರ ಹಳೆಯ ಕಾಡತೂಸುಗಳ ಹಿತ್ತಾಳೆ ಚಿಪ್ಪಿಗೆ ಕಿಲುಬು ಹಿಡಿದಿತ್ತು. ಬಾಯಲ್ಲಿದ್ದ ಗುಂಡುಗಳನ್ನು ಕಿತ್ತು, ಡಬ್ಬಿಗೆ ತುಂಬಿ, ಮನೆಯಲ್ಲೇ ಕಾಡತೂಸು ಕಟ್ಟುವ ಹವ್ಯಾಸವಿದ್ದ ನನ್ನ ಕೈಗಿಟ್ಟರು. "ಇವಕ್ಕ ಏನಾಗೇತಿ? ಒಗೀಬ್ಯಾಡ ತಮ್ಮಾ. ಐವತ್ತು ಮಾಡ್ಕೊಂಡ್ ಬಾ, ರವಿವಾರ ಹೊಡ್ಯೂಣು."

ಹೊಸ ಚಿಪ್ಪು, ಹೊಸ ಮದ್ದು, ಮೇಲೆ ಅದೇ ಹಳೆಯ ಗುಂಡು. ಪುನರ್ಜನ್ಮವನ್ನು ನಾನು ಕಾಲೇಜಿನಲ್ಲೇ ತಿರಸ್ಕರಿಸಿದ್ದೆ. ಗುಂಡುಗಳ ವಿಷಯದಲ್ಲಿ ರಿಯಾಯಿತಿ ತೋರಿಸಿದೆ.

ಶನಿವಾರ ಮನೆಯಲ್ಲಿ ಐವತ್ತು ಚಿಪ್ಪುಗಳನ್ನು ತಟ್ಟೆಯ ಕುಳಿಗಳಲ್ಲಿ ಹತ್ತರಂತೆ ಐದು ಸಾಲು ನಿಲ್ಲಿಸಿ ತುಂಬುತ್ತಿದ್ದಾಗ, ಮೂರನೇ ಸಾಲಿನ ನಡುವೆ ಆಫೀಸಿನ ಕರೆ ಬಂತು. ಮುಗಿಸಿ ಬಂದು, ಮುಂದಿದ್ದ ಚಿಪ್ಪಿಗೆ ಮದ್ದು ಸುರಿದು ಗುಂಡು ಒತ್ತಿದೆ. ಒತ್ತಿದ ಮೇಲೆ ಅನುಮಾನ: ಕರೆಗೆ ಮುಂಚೆಯೇ ಒಮ್ಮೆ ಸುರಿದಿದ್ದೆನೆ? ಎರಡು ಪಾಲು ಮದ್ದು ಬಿದ್ದಿದ್ದರೆ ರೈಫಲ್ ಸಿಡಿಯಬಹುದು. ಅದರ ಹಿಂದೆ ಇರುವುದು ಅಂಕಲ್ ಅವರ ಕಣ್ಣು.

"ಸಾರಿಗೆ ಉಪ್ಪು ಹಾಕಿದ್ದು ಮರೆತ್ರೆ ನಾನು ರುಚಿ ನೋಡ್ತೀನಿ," ಎಂದಳು ನನ್ನ ಪೇಚಾಟ ಕೇಳಿದ ಹೆಂಡತಿ. "ನೀವೇನ್ ನೋಡ್ತೀರಿ?"

ಎಲ್ಲರ ಮಾತಿಗೂ ಪುರಾವೆ ಕೇಳಿ ಮೂರೂರಿನ ಕನ್ನಡ ಸಂಘಗಳಲ್ಲಿ ಬೇಡವಾದವನು ನಾನು. ನನಗೇ ನೆನಪಿಲ್ಲ ಎಂದು ಅಂಕಲ್‌ಗೆ ಹೇಗೆ ಹೇಳಲಿ? ಭಾನುವಾರ ಅಂಕಲ್ ಗ್ಯಾರೇಜಿನಲ್ಲಿ ರೈಫಲ್ಲಿನ ಚೀಲ ಹೆಗಲಿಗೇರಿಸುವವರೆಗೂ ಹೇಳಲಿಲ್ಲ. ಕೊನೆಗೆ, "ಮೂರನೇ ಸಾಲಿನ ಈ ಒಂದು ಬೇಡ ಅಂಕಲ್," ಎಂದೆ.

ಕಾರಣ ಕೇಳಿದರು. ಹೇಳಿದೆ. ಚೀಲ ಕೆಳಗಿಟ್ಟರು.

"ಡಾಕ್ಟರೇಟ್ ಮಾಡಿದಾವ, ಮದ್ದು ಹಾಕಿದ್ದು ನೆನಪಿಲ್ಲೇನ ನಿನಗ? ಎಲ್ಲಾ ಬಿಚ್ಚು."

"ಉಳಿದ ನಲವತ್ತೊಂಬತ್ತು ಸರಿಯಾಗಿವೆ ಅಂಕಲ್. ಖಚಿತವಾಗಿ ನೆನಪಿದೆ."

"ಒಂದು ಮರ್ತಾವ ಇನ್ನೊಂದು ಮರ್ಯಂಗಿಲ್ಲ ಅಂತ ಯಾವ ಪುಸ್ತಕದಾಗ ಐತಿ?"

ಸಂಭವನೀಯತೆಯ ಬಗ್ಗೆ ನಾನು ಮಾತಾಡತೊಡಗಿದೆ. ಅವರು ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆ ಕೈಗೆ ಕೊಟ್ಟರು. ಒಂದೊಂದೇ ಕಾಡತೂಸನ್ನು ಅದರೊಳಗೆ ಸಿಕ್ಕಿಸಿ ಮರದ ಮೇಲೆ ಕುಟ್ಟಬೇಕು. ಗುಂಡು ಕಳಚಿ ಬೀಳುತ್ತದೆ. ಬಿದ್ದ ಮದ್ದನ್ನು ಅಂಕಲ್ ತೂಗುತ್ತಿದ್ದರು. ಹಟಕ್ಕೆ ಮೂರನೇ ಸಾಲಿನದನ್ನೇ ಮೊದಲು ಕುಟ್ಟಿದೆ. ಒಂದೇ ಪಾಲು, ಸರಿಯಾಗಿ.

"ನೋಡಿದ್ರಾ?" ಎಂದೆ, ಅದನ್ನು ಸಂದೇಹಿಸಿದವರು ಅವರೇ ಎಂಬಂತೆ.

"ಕುಟ್ಟು," ಎಂದರು.

ಮೊದಲ ಸಾಲಿನ ಏಳನೆಯದನ್ನು ಕುಟ್ಟಿದಾಗ ಗುಂಡು ಬಿತ್ತು, ಮದ್ದು ಬೀಳಲಿಲ್ಲ. ಚಿಪ್ಪು ತಲೆಕೆಳಗು ಮಾಡಿ ಕೊಡವಿದೆ. ಖಾಲಿ. ಹೊಡೆದಿದ್ದರೆ ಚಿಪ್ಪಿನ ತಳದ ಕಿಡಿಯಷ್ಟಕ್ಕೇ ಆ ಗುಂಡು ಮುಂದೆ ಸರಿದು ನಳಿಗೆಯಲ್ಲೇ ಸಿಕ್ಕಿಕೊಂಡು, ಹಿಂದೆ ಬರುವ ಎಂಟನೆಯದಕ್ಕಾಗಿ ಕಾಯುತ್ತಿತ್ತು. ಆಗಲೂ ರೈಫಲ್ ಸಿಡಿಯುತ್ತಿತ್ತು.

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡು, ಉಳಿದವನ್ನೂ ಕುಟ್ಟಿಸಿ, ಐವತ್ತೂ ಗುಂಡುಗಳನ್ನು ಮತ್ತೆ ಮೊಸರು ಡಬ್ಬಿಗೆ ತುಂಬಿದರು. ಈ ಸಲ ಡಬ್ಬಿಯನ್ನು ನನಗೆ ಕೊಡಲಿಲ್ಲ.

ಮೂರನೇ ಸಾಲಿನದು ಇಂದಿಗೂ ಮಬ್ಬುಮಬ್ಬು. ಆದರೆ ಆ ಏಳನೆಯದಕ್ಕೆ ಮದ್ದು ಸುರಿದದ್ದು, ಅದು ಹಿತ್ತಾಳೆಗೆ ತಾಗಿದ ಸಣ್ಣ ಸದ್ದು ಕೂಡ, ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ.