ಕಪಾಟಿನ ಅಡಿಯ ಮುಸುರೆ

ಮನೆಯಲ್ಲಿ ಏನೋ ಇದೆ, ಏನೋ ಓಡಾಡುತ್ತದೆ ಎಂದು ಯಾರಾದರೂ ಹೇಳಿದರೆ, ಮೊದಲು ಸಿಂಕಿನ ಕೆಳಗೆ ನೋಡಿ ಎನ್ನುತ್ತಿದ್ದವಳು ನಾನು. ಇಂಥ ಮಾತುಗಳನ್ನು ಎಂದೂ ನಂಬಿದವಳಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಇಂಗ್ಲಿಷರ ನಾಡಿನ ಹೌನ್ಸ್ಲೋದಲ್ಲಿ ಸಾಲುಮನೆಗಳ ನಡುವಿನ ಒಂದು ಹಳೆಯ ಮನೆ. ಧಾರವಾಡದಿಂದ ಬಂದ ನನ್ನ ಮಾವನವರು ತಮ್ಮ ಕೊನೆಯ ವರ್ಷಗಳನ್ನು ಇಲ್ಲಿಯೇ ಕಳೆದರು. ಊಟಕ್ಕೆ ಕೂತರೆ ಮೊದಲು ತಟ್ಟೆಯ ಬಲಕ್ಕೆ, ಟೇಬಲ್ಲಿನ ಮೇಲೆಯೇ, ತುಪ್ಪ ಕಲಸಿದ ಅನ್ನದ ನಾಲ್ಕೈದು ಪುಟ್ಟ ತುತ್ತುಗಳನ್ನು ಸಾಲಾಗಿ ಇಡುತ್ತಿದ್ದರು. ಚಿತ್ರಾಹುತಿ, ಕಣ್ಣಿಗೆ ಕಾಣದವರಿಗೆ ತೆಗೆದಿಡುವ ಪಾಲು. ಅದು ಒಣಗಿ, ಬಿಳಿ ಟೇಬಲ್ಲಿಗೆ ಜಿಡ್ಡು ಹಿಡಿದು, ತಿಕ್ಕಿದರೂ ಬಿಡುತ್ತಿರಲಿಲ್ಲ. ಹಾಗಾಗಿ ಅವರು ಕೈ ತೊಳೆಯಲು ಎದ್ದ ಕೂಡಲೇ ನಾನು ಒರೆಸಿ ಬಿನ್ನಿಗೆ ಹಾಕುತ್ತಿದ್ದೆ. ಒಮ್ಮೆ ತಿರುಗಿ ನೋಡಿದವರು, "ತಡಿಯವ್ವಾ, ಅವರದಿನ್ನೂ ಊಟ ಆಗಿಲ್ಲ" ಅಂದಿದ್ದರು. ಯಾರದು ಎಂದು ನಾನು ಕೇಳಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ, ಚಳಿಗಾಲದಲ್ಲಿ, ಅಡುಗೆಮನೆಯಲ್ಲಿ ವಾಸನೆ ಶುರುವಾಯಿತು. ಹಳಸಿದ ಅನ್ನದ, ತೊಳೆಯದ ಕೈಯ, ಅಪ್ಪಟ ಮುಸುರೆಯ ವಾಸನೆ. ಬ್ಲೀಚ್ ಹಾಕಿದೆ, ಚರಂಡಿಗೆ ಬಿಸಿನೀರು ಸುರಿದೆ, ಸ್ಪಂಜುಗಳನ್ನೆಲ್ಲ ಎಸೆದೆ. ಒಗ್ಗರಣೆ ಹಾಕಲು ನಿಂತರೆ ಓಕರಿಕೆ ಬರುತ್ತಿತ್ತು. ಮಗಳು ಅನಘಾಗೆ ಆಗ ದಿನ ತುಂಬುತ್ತಿದ್ದವು. ಬಾಣಂತನಕ್ಕೆ ನಮ್ಮಲ್ಲಿಗೇ ಬರುವವಳಿದ್ದಳು. ಸ್ಟ್ಯಾನ್ಮೋರಿನ ಬೀಗರದು ದೊಡ್ಡ ಮನೆ, ಹಿಂದೆ ಮುಂದೆ ತೋಟ. ನಿಮಗ್ಯಾಕೆ ತೊಂದರೆ, ಇಲ್ಲೇ ಇರಲಿ ಬಿಡಿ ಎಂದು ಬೀಗಿತ್ತಿ ಫೋನಿನಲ್ಲಿ ಹೇಳುತ್ತಲೇ ಇದ್ದರು. ನಮ್ಮ ಅಡುಗೆಮನೆ ನಾರುತ್ತದೆಂದು ಗೊತ್ತಾದರೆ ಮಗಳೂ ಇಲ್ಲ, ಮೊಮ್ಮಗುವೂ ಇಲ್ಲ. ಆದ್ದರಿಂದ ಯಾರಿಗೂ ಬಾಯಿ ಬಿಡಲಿಲ್ಲ.

ನನ್ನ ಗಂಡ ಕ್ಯಾನರಿ ವಾರ್ಫಿನ ಆಫೀಸಿನಿಂದ ಬಂದವರೇ ತಾವೇ ಕಟ್ಟಿದ ಪುಟ್ಟ ರೋಬಾಟ್ ಹಿಡಿದು ಕೂರುವ ಮನುಷ್ಯ. ಅಂಗೈಯಗಲದ್ದು, ನಾಲ್ಕು ಚಕ್ರ, ಬೆನ್ನ ಮೇಲೆ ಬ್ಯಾಟರಿ. ಕುರುಡು ಬೇರೆ, ಕಂಡಕಂಡ ಕುರ್ಚಿಗೆ ಡಿಕ್ಕಿ ಹೊಡೆಯುತ್ತಿತ್ತು. ಆ ವಾರ ಅದಕ್ಕೆ ಉಗುರಿನಷ್ಟು ಕ್ಯಾಮೆರಾ ತರಿಸಿದ್ದರು. ಚಪ್ಪಟೆ ತಂತಿ ಸಿಕ್ಕಿಸಿ, ಪಕ್ಕದಲ್ಲಿ ಒಂದು ಬಿಳಿ ದೀಪ ಇಟ್ಟು, ಎರಡೂ ಕಡೆ ಟೇಪು ಸುತ್ತಿದರು. ಮೊದಲು ಲ್ಯಾಪ್‌ಟಾಪಿನಲ್ಲಿ ನಾನು ತಲೆಕೆಳಗಾಗಿ ಕಂಡೆ. ಕ್ಯಾಮೆರಾ ತಿರುಗಿಸಿ ಅಂಟಿಸಿದ ಮೇಲೆ ಸರಿಯಾಯಿತು.

"ಇಲಿ ಸತ್ತಿರಬೇಕು. ಕೈ ಹೋಗಂಗಿಲ್ಲ, ಕಣ್ಣರೆ ಹೋಗಲಿ" ಎಂದು ಕಪಾಟುಗಳ ಕಾಲಿಗೆ ಹೊಡೆದ ಹಲಗೆಯಲ್ಲಿ ಒಂದನ್ನು ಕಿತ್ತು ರೋಬಾಟನ್ನು ಒಳಗೆ ಬಿಟ್ಟರು. ಭಾನುವಾರದ ಮಧ್ಯಾಹ್ನ. ಅಂದು ಏಕಾದಶಿ. ಮಾವನವರ ಕಾಲದ ರೂಢಿ ಬಿಡದೆ ನಾನು ಅನ್ನಕ್ಕಿಟ್ಟಿರಲಿಲ್ಲ. ಸಾಬೂದಾಣಿ ಖಿಚಡಿ ತಿಂದಿದ್ದೆವು.

ಪರದೆಯ ಮೇಲೆ ಮೊದಲು ಧೂಳಿನ ಉಂಡೆಗಳು, ಜಿಡ್ಡಿಗೆ ಅಂಟಿದ ಕೂದಲು, ಇಲಿಯ ಹಿಕ್ಕೆ, ಒಣಗಿದ ಹುಳಗಳು. ನನ್ನ ಮನೆಯೊಳಗೆ ಇಷ್ಟು ಹೊಲಸಿತ್ತೇ ಎಂದು ಮೈ ಮುದುಡಿಕೊಂಡಿತು. ಮೂಲೆಗೆ ತಿರುಗಿದಾಗ ದೀಪದ ಬೆಳಕಿನಲ್ಲಿ ಏನೋ ಹೊಳೆಯಿತು. ಅನ್ನ. ಪುಟ್ಟ ಪುಟ್ಟ ತುತ್ತುಗಳು, ಸಾಲಾಗಿ, ಬೆರಳಿನಿಂದ ಒತ್ತಿ ಇಟ್ಟಂತೆ. ತುಪ್ಪದ ಪಸೆ ಇನ್ನೂ ಆರಿರಲಿಲ್ಲ. ಆ ಹಿಕ್ಕೆಗಳ ನಡುವೆ ಇಲಿ ಒಂದು ಅಗುಳನ್ನೂ ಮುಟ್ಟಿರಲಿಲ್ಲ.

ಗಂಡ ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಅಪ್ಪಾ ಇಟ್ಟಂಗ ಅದ ನೋಡು" ಅಂದರು.

ರೋಬಾಟನ್ನು ಇನ್ನಷ್ಟು ಹತ್ತಿರ ಬಿಟ್ಟಾಗ ಚಿತ್ರ ಮಸುಕಾಯಿತು. ಕ್ಯಾಮೆರಾದ ಕಣ್ಣಿಗೆ ಹಬೆ ಹಿಡಿದಿತ್ತು, ಬಿಸಿ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಹಿಡಿಯುತ್ತದಲ್ಲ, ಹಾಗೆ. ಹಿಂದಕ್ಕೆ ಎಳೆದುಕೊಂಡೆವು. ಚಕ್ರಕ್ಕೆ ಒಂದು ಅಗುಳು ಅಂಟಿತ್ತು. ಬೆರಳಿನಿಂದ ಕಿತ್ತೆ. ಮೆತ್ತಗಿತ್ತು, ಬೆಚ್ಚಗಿತ್ತು. ಸಿಂಕಿನತ್ತ ಓಡಿ ತಿಂದದ್ದನ್ನೆಲ್ಲ ಕಾರಿಕೊಂಡೆ.

ಅಂದೇ ಎಲ್ಲ ಹಲಗೆಗಳನ್ನೂ ಕಿತ್ತೆವು. ಗಂಡ ಟಾರ್ಚ್ ಹಿಡಿದು ನೆಲಕ್ಕೆ ಬೋರಲಾಗಿ ಮಲಗಿ ಹುಡುಕಿದರು. ಧೂಳು, ಹಿಕ್ಕೆ, ಹುಳ, ಎಲ್ಲ ಇದ್ದವು. ಅನ್ನವಿರಲಿಲ್ಲ, ಇದ್ದ ಕಲೆಯೂ ಇರಲಿಲ್ಲ. ಸತ್ತ ಇಲಿಯೂ ಸಿಗಲಿಲ್ಲ. ಚಿತ್ರವನ್ನು ಉಳಿಸಿಕೊಳ್ಳುವ ಏರ್ಪಾಡನ್ನು ಅವರು ಇನ್ನೂ ಮಾಡಿರಲಿಲ್ಲ; ತೋರಿಸಲು ನಮ್ಮ ಬಳಿ ಏನೂ ಇಲ್ಲ. ಎಲ್ಲ ತೊಳೆದು, ಹಲಗೆ ಬಡಿದು, ಸಂದುಗಳಿಗೆ ಸೀಲ್ ಹಾಕಿಸಿದೆವು. ವಾಸನೆ ಹೋಯಿತು. ಗಂಡ ಕ್ಯಾಮೆರಾ ಕಿತ್ತು ಡಬ್ಬಿಗೆ ಸೇರಿಸಿದರು. ಅನಘಾ ಬಂದಳು, ಬಾಣಂತನ ಮುಗಿಸಿಕೊಂಡು ಹೋದಳು. ಅವಳಿಗೆ ನಾವು ಏನನ್ನೂ ಹೇಳಲಿಲ್ಲ.

ಮೊಮ್ಮಗಳು ಅಂಬೆಗಾಲಿಡುವಷ್ಟಾದಾಗ ಒಂದು ದಿನ ತಾಯಿ ಮಗಳಿಬ್ಬರೂ ಬಂದಿದ್ದರು. ನಾನು ಸಾಬೂದಾಣಿ ಹುರಿಯುತ್ತಿದ್ದೆ. ಕೂಸು ಆ ಮೂಲೆಯ ಹಲಗೆಗೆ ಬೆನ್ನು ಕೊಟ್ಟು ಕೂತು ಏನನ್ನೋ ಚಪ್ಪರಿಸುತ್ತಿತ್ತು. ಬೆರಳು ಹಾಕಿ ತೆಗೆದೆ. ಅನ್ನದ ಅಗುಳು. ತುಪ್ಪದ ವಾಸನೆ.

"ಅಮ್ಮಾ, ಇಟ್ಸ್ ಜಸ್ಟ್ ರೈಸ್" ಎಂದು ಅನಘಾ ಫೋನಿನಿಂದ ತಲೆ ಎತ್ತದೆ ಅಂದಳು.

ಅಂದೂ ಏಕಾದಶಿ, ನಾನು ಅನ್ನಕ್ಕಿಟ್ಟೇ ಇಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಕೂಸಿನ ಬಾಯಿ ತೊಳೆದೆ. ಅಗುಳನ್ನು ಟಿಶ್ಯೂದಲ್ಲಿ ಹಿಡಿದು ಬಿನ್ನಿನ ಮುಚ್ಚಳ ತೆಗೆದೆ. ಎಸೆಯಲು ಕೈ ಬರಲಿಲ್ಲ. ಅದನ್ನು ಒಯ್ದು ಟೇಬಲ್ಲಿನ ಮೇಲೆ, ಮಾವನವರು ಕೂರುತ್ತಿದ್ದ ಜಾಗದ ಬಲಕ್ಕೆ ಇಟ್ಟೆ. ಆ ಸಂಜೆ ನಾನು ಟೇಬಲ್ ಒರೆಸಲಿಲ್ಲ.